ಬಂದ ಕೈಗೆ ಕಟ್ಟಿದ ಉಂಗುರ

ಥರ್ಜಾ ಕ್ರಮ್‌ಳ ಮನೆಗೆ ಗಾಳದ ಕೋಲು ಮಾಡಿಸಲು ಹೋದವರನ್ನು ಅವಳು ಬಾ ಎನ್ನುತ್ತಿರಲಿಲ್ಲ, ಕೂರು ಎನ್ನುತ್ತಿರಲಿಲ್ಲ. “ಎಡಗೈ ಚಾಚು” ಎನ್ನುತ್ತಿದ್ದಳು. ಚಾಚಿದ ಮೇಲೆ ಆ ಕೈಗೊಂದು ಹೆಸರಿಡುತ್ತಿದ್ದಳು. ಒಬ್ಬನದು ಕೊಕ್ಕರೆಯ ಕಾಲು, ಇನ್ನೊಬ್ಬನದು ಹಂದಿಯ ತೊಡೆ. ನಮ್ಮ ಪಾದ್ರಿಯ ಕೈ ನೋಡಿ, “ಇದು ಕಾಣಿಕೆ ತಟ್ಟೆ ತನಕ ಮಾತ್ರ ಹೋಗೋ ಕೈ” ಎಂದಿದ್ದಳು. ಪಾದ್ರಿ ನಕ್ಕರು. ಅವಳು ನಗಲಿಲ್ಲ.

ಅವಳು ಹೋಗಿ ವರ್ಷಗಳಾದವು. ಈಗಲೂ ನಮ್ಮ ಬೀಚ್ ಕಿಲ್ ಹೊಳೆಯ ಕಣಿವೆಯಲ್ಲಿ ಯಾರಾದರೂ ಸಿಡುಕಿದರೆ ‘ಏನು, ಥರ್ಜಾ ಬಂದಳೇ ಮೈಮೇಲೆ’ ಎನ್ನುವುದುಂಟು. ನಾನು ಅವಳ ಎದುರುಮನೆಯವಳು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಅವಳು ಕೋಲು ಕಟ್ಟುವ ಬೆಂಚಿನ ಕೋಣೆಗೆ ಹೋಗಿ ಕೂರುತ್ತಿದ್ದೆ. ಅದನ್ನು ಸ್ನೇಹ ಎನ್ನಲಾರೆ. ಅವಳಿಗೆ ತೂಕದ ಚೀಲ ಹಿಡಿಯುವ ಒಂದು ಜೀವ ಬೇಕಿತ್ತು. ನನಗೆ, ಗಂಡ ತೀರಿಕೊಂಡ ಮೇಲೆ, ಅಡುಗೆಮನೆಯ ಗಡಿಯಾರದ ಸದ್ದು ಬಿಟ್ಟು ಬೇರೆ ಯಾವುದಾದರೂ ಸದ್ದು ಬೇಕಿತ್ತು. ಬೈಗುಳವಾದರೂ ಸರಿ.

ನಮ್ಮ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಎರೆಹುಳು ಸಿಕ್ಕಿಸಿ ಮೀನು ಹಿಡಿಯುವುದು ಮಕ್ಕಳ ಕೆಲಸ. ದೊಡ್ಡವರು ಹುಂಜದ ಗರಿಯಲ್ಲಿ ನೊಣ ಕಟ್ಟಿ, ಅದನ್ನು ನೀರಿನ ಮೇಲೆ ನಿಜವಾದ ನೊಣದ ಹಾಗೆ ಇಳಿಸಿ ಟ್ರೌಟ್ ಹಿಡಿಯುತ್ತಾರೆ. ಗರಿಯ ನೊಣಕ್ಕೆ ತೂಕವೆಲ್ಲಿದೆ? ತೂಕವೆಲ್ಲ ನೂಲಿನದು. ಬಲಗೈ ಕೋಲು ಬೀಸುತ್ತದೆ, ಎಡಗೈ ನೂಲನ್ನು ಎಳೆಯುತ್ತದೆ, ಬಿಡುತ್ತದೆ. ನೂಲು ಕೋಲಿನ ಉದ್ದಕ್ಕೂ ಇರುವ ತಂತಿಯ ಉಂಗುರಗಳೊಳಗಿಂದ ಹಾದು ತುದಿಗೆ ಹೋಗುತ್ತದೆ. ಆ ಉಂಗುರಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂಬುದೇ ಥರ್ಜಾಳ ಬದುಕು.

ತುದಿಯಲ್ಲಿ ಒತ್ತೊತ್ತಾಗಿ, ಹಿಡಿಯ ಕಡೆ ಬರುತ್ತ ಬರುತ್ತ ಎಡೆಬಿಟ್ಟು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಎಷ್ಟು ಎಡೆ ಎಂಬುದು ಆ ಒಂದು ಕೋಲಿನ ಬಾಗಿನ ಮೇಲೆ ನಿಂತಿದೆ. ಕೋಲಿನ ಹಿಡಿಯನ್ನು ಗೋಡೆಯ ಗೂಟಕ್ಕೆ ಕಟ್ಟುತ್ತಿದ್ದಳು. ಉಂಗುರಗಳನ್ನು ರೇಷ್ಮೆ ನೂಲು ಸುತ್ತಿ ಖಾಯಂ ಕಟ್ಟುವ ಮೊದಲು ಅಂಟುಪಟ್ಟಿಯಲ್ಲಿ ತಾತ್ಕಾಲಿಕವಾಗಿ ಅಂಟಿಸಿ, ನೂಲು ಪೋಣಿಸಿ, ನೂಲಿನ ಕೊನೆಗೆ ಸೀಸದ ಗುಂಡುಗಳ ಚೀಲ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಮೆಲ್ಲಗೆ ಬಿಟ್ಟಂತೆ ಕೋಲು ಬಾಗುತ್ತಿತ್ತು. ಆಗ ನೂಲು ಆ ಬಾಗಿನ ಜೊತೆಗೇ ಹೋಗಬೇಕು. ಎಲ್ಲಾದರೂ ಬಾಗನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಅಲ್ಲಿ ಉಂಗುರ ತಪ್ಪಿ ಕೂತಿದೆ ಎಂದರ್ಥ. ದೊಡ್ಡ ಮೀನು ಕಚ್ಚಿದ ದಿನ ಕೋಲು ಅಲ್ಲೇ ಮುರಿಯುತ್ತದೆ. ಅವಳು ಒಂದು ಉಂಗುರವನ್ನು ಅಕ್ಕಿಕಾಳಿನಷ್ಟು ಸರಿಸಿ, “ಬಿಡು” ಎನ್ನುತ್ತಿದ್ದಳು. ಮತ್ತೆ ಸರಿಸಿ, “ಬಿಡು ಅಂದ್ರೆ ಬೀಳಿಸು ಅಂತಲ್ಲ, ಓರ್ಫಾ” ಎನ್ನುತ್ತಿದ್ದಳು.

ಹಿಡಿಗೆ ಹತ್ತಿರದ ಮೊದಲ ಉಂಗುರದ್ದು ಬೇರೆ ಲೆಕ್ಕ. ಅದು ಕೋಲಿಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು. ಎಡಗೈ ಸಲೀಸಾಗಿ ಎಟುಕುವಲ್ಲೇ ಅದು ಇರಬೇಕು. ಅದಕ್ಕೇ ಕೋಲು ಬೇಕಾದವನು ತಾನೇ ಬಂದು ಕೈ ಚಾಚಿ ನಿಲ್ಲಬೇಕು ಎಂಬುದು ಆ ಮನೆಯ ಕಟ್ಟಳೆ. ಥರ್ಜಾಳ ಅಪ್ಪ ಹೈರಮ್ ಹಾಕಿದ್ದು. ಬಂದ ಕೈಗೆ ಉಂಗುರ, ಎನ್ನುತ್ತಿದ್ದ ಮುದುಕ. ಅಂಚೆಯಲ್ಲಿ ಅಳತೆ ಕಳಿಸಿದವರಿಗೆ ಥರ್ಜಾ ಅಂಚೆಯಲ್ಲೇ ಬೈಗುಳ ಕಳಿಸುತ್ತಿದ್ದಳು.

ಹೈರಮ್‌ಗೆ ಇಬ್ಬರು ಮಕ್ಕಳು. ದೊಡ್ಡವಳು ಥರ್ಜಾ, ಮದುವೆಯಾಗಲಿಲ್ಲ. ಚಿಕ್ಕವನು ಆರ್ಲೋ, ಮರ ಕೊಯ್ಯುವ ಮಿಲ್ಲಿಗೆ ಸೇರಿದವನು. ಹೈರಮ್ ಸಾಯುವಾಗ ಮನೆ ಮತ್ತು ಬೆಂಚನ್ನು ಮಗಳಿಗೆ ಬಿಟ್ಟ. ಹೊಳೆಯ ಪಕ್ಕದ ಹುಲ್ಲುಗಾವಲು, ಅದರಾಚೆಯ ಮಡು ಮಗನಿಗೆ. ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕೂತಿದ್ದೆವು. ಆರ್ಲೋ, “ಬೆಂಚು ಗಂಡುಮಗಂದು. ಅಪ್ಪಂಗೆ ಕೊನೇಲಿ ಬುದ್ಧಿ ನೆಟ್ಟಗಿರ್ಲಿಲ್ಲ” ಎಂದ. ಥರ್ಜಾ ಹಂದಿಮಾಂಸ ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಡಲೂ ಇಲ್ಲ.

“ನಿನ್ನ ಬೆರಳಿಗೆ ರೇಷ್ಮೆ ನೂಲು ಕೊಡೋದೂ ಒಂದೇ, ಎತ್ತಿಗೆ ಸೂಜಿ ಕೊಡೋದೂ ಒಂದೇ” ಎಂದಳು. “ಅಪ್ಪಂಗೆ ಅದು ಬುದ್ಧಿ ನೆಟ್ಟಗಿದ್ದಾಗ್ಲೇ ಗೊತ್ತಿತ್ತು.”

ಊರಿಗೆ ಊರೇ ಕೇಳಿಸಿಕೊಂಡಿತು. ಮಾರನೆಯ ಬೆಳಿಗ್ಗೆ ಹುಲ್ಲುಗಾವಲಿನ ಬಾಯಲ್ಲಿ ಎರಡು ಕಂಬ, ನಡುವೆ ಸರಪಳಿ, ಬೀಗ.

ಆ ಮಡು ಥರ್ಜಾಳಿಗೆ ಮೀನಿಗಾಗಿ ಬೇಕಿರಲಿಲ್ಲ. ಅಪ್ಪನ ಕಾಲದಿಂದ ಪ್ರತಿ ಕೋಲನ್ನೂ ರೇಷ್ಮೆ ಸುತ್ತಿ ಕಟ್ಟುವ ಮುಂಚೆ ಅಲ್ಲಿಗೆ ಒಯ್ದು, ಒದ್ದೆ ನೂಲಿನಲ್ಲಿ ಬೀಸಿ ನೋಡುವುದಿತ್ತು. ಮಡುವಿನ ಮೇಲ್ಭಾಗ ಹಾಲಿನ ಹಾಗೆ ನಿಂತ ನೀರು, ಕೆಳಭಾಗ ಓಟದ ನೀರು. ದಂಡೆ ಚಪ್ಪಟೆ. ಬೇರೆ ಕಡೆ ಹೊಳೆಗಿಳಿಯಬೇಕೆಂದರೆ ಸೇತುವೆಯ ಕೆಳಗಿನ ಕಡಿದಾದ ದಾರಿ. ಅವಳ ಮಂಡಿ ಅದಕ್ಕೆ ಬಗ್ಗುತ್ತಿರಲಿಲ್ಲ. ಹಾಗಾಗಿ ಸರಪಳಿ ಬಿದ್ದಂದಿನಿಂದ ಚರ್ಚಿನ ಹಿಂದಿನ ಹುಲ್ಲಿನಲ್ಲಿ ಬೀಸಿ ನೋಡುತ್ತಿದ್ದಳು. “ಹುಲ್ಲು ಸುಳ್ಳು ಹೇಳುತ್ತೆ” ಎಂದು ಗೊಣಗುತ್ತಿದ್ದಳು. ಅವಳು ಕಳಿಸಿದ ಒಂದು ಕೋಲು, ಹೊಳೆಗೆ ಇಳಿದಾಗ ನೂಲು ಸರಿಯಾಗಿ ಓಡುತ್ತಿಲ್ಲವೆಂದು ವಾಪಸ್ಸು ಬಂತು. ಬಾಯಿ ಬಿಡದೆ ಬಿಚ್ಚಿ ಕಟ್ಟಿಕೊಟ್ಟಳು. ಆಮೇಲೆ ಇನ್ನೊಂದು ಬಂತು. ಅವಳಿಗೆ ಬೇಕಿದ್ದದ್ದು ಆ ಮಡುವಿನ ದಾರಿ ಒಂದೇ. ತಮ್ಮನನ್ನು ಕೇಳುವುದಕ್ಕಿಂತ ನಾಲಿಗೆ ಕೊಯ್ದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಏಪ್ರಿಲ್‌ನಲ್ಲಿ, ಮೀನು ಹಿಡಿಯಲು ಹೊಳೆ ತೆರೆದ ಹೊಸತರಲ್ಲೇ, ಆರ್ಲೋ ತನ್ನ ಕೋಲನ್ನು ಟ್ರಕ್ಕಿನ ಬಾಗಿಲಿಗೆ ಸಿಕ್ಕಿಸಿ ಮುರಿದುಕೊಂಡ. ಅಪ್ಪ ಅವನಿಗೆಂದೇ ಕಟ್ಟಿಕೊಟ್ಟಿದ್ದ ಕೋಲು. ಅದು ಹೋಗಿದ್ದು ಎಂಥ ಹೊತ್ತಿನಲ್ಲಿ ಎಂದರೆ, ಹಿಂದಿನ ವರ್ಷ ಹುಲ್ಲಿನ ಗಾಡಿಯಿಂದ ಬಿದ್ದು ಅವನ ಎಡಭುಜ ಮರಗಟ್ಟಿತ್ತು. ಕೈ ಅರ್ಧಕ್ಕಿಂತ ಮುಂದೆ ಬರುತ್ತಿರಲಿಲ್ಲ. ಆ ಹಳೆಯ ಕೋಲಿನಲ್ಲಾದರೆ ರೂಢಿಯ ಬಲದಿಂದ ಹೇಗೋ ಸಾಗುತ್ತಿತ್ತು. ಅಂಗಡಿಯ ಕೋಲು ತಂದ. ಮೊದಲ ಉಂಗುರ ಎಟುಕದೆ, ಪ್ರತಿ ಸಲವೂ ಸೊಂಟ ಬಗ್ಗಿಸಿ, ಹಂಡೆಯ ತಳ ಉಜ್ಜುವವಳ ಹಾಗೆ ಕಾಣುತ್ತಿದ್ದ. ಪಟ್ಟಣದಿಂದ ಮೀನು ಹಿಡಿಯಲು ಬಂದವರು ಸೇತುವೆ ಮೇಲೆ ನಿಂತು ನಕ್ಕರಂತೆ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಇದ್ದವನು ಆಮೇಲೆ ಹೊಳೆಗೆ ಹೋಗುವುದನ್ನೇ ಬಿಟ್ಟ. ಅವನ ಕೈಗೆ ತಕ್ಕ ಕೋಲು ಕಟ್ಟಬಲ್ಲವಳು ಕಣಿವೆಯಲ್ಲಿ ಒಬ್ಬಳೇ.

ಆ ತಿಂಗಳ ಕೊನೆಗೆ, ಕುದುರೆಗೂ ಕೋಳಿಗೂ ಹಾಕುವ ಕಾಳು ಮಾರುವ ಎಲ್ವುಡ್ ಡಿಕರ್ ಥರ್ಜಾಳ ಬಾಗಿಲಿಗೆ ಬಂದ. ಟೊಪ್ಪಿಗೆ ತೆಗೆದು ಬಲಗೈಯಲ್ಲಿ ಎದೆಗೊತ್ತಿ ಹಿಡಿದಿದ್ದ.

“ಮಿಸ್ ಥರ್ಜಾ, ನಂಗೊಂದು ಕೋಲು ಬೇಕಿತ್ತು.”

“ನಿಂಗಾ? ನೀನು ಹೊಳೆ ನೋಡಿರೋದೇ ಸೇತುವೆ ಮೇಲಿಂದ.”

“ವಯಸ್ಸಾಯ್ತಲ್ಲ. ಏನಾದ್ರೂ ಹವ್ಯಾಸ ಇಟ್ಕೋ ಅಂದ್ರು ಡಾಕ್ಟ್ರು.”

“ಎಡಗೈ ಚಾಚು.”

ಎಲ್ವುಡ್ ಚಾಚಿದ. ಅರ್ಧಕ್ಕೆ ನಿಲ್ಲಿಸಿ ಮುಖ ಕಿವುಚಿದ. “ನೋವು. ಇಷ್ಟೇ ಬರೋದು.”

“ಏನಾಯ್ತು?”

“ಬಿದ್ದೆ. ಹುಲ್ಲಿನ ಗಾಡಿಯಿಂದ.”

“ನಿನ್ನ ಹತ್ರ ಹುಲ್ಲಿನ ಗಾಡಿ ಯಾವಾಗ ಬಂತು?”

“ಬೇರೆಯವ್ರದ್ದು” ಎಂದ ಎಲ್ವುಡ್. ಅಷ್ಟು ಮಾತ್ರ ನಿಜ.

ಥರ್ಜಾ ಅವನನ್ನೇ ನೋಡಿದಳು. ಆಮೇಲೆ ಅವಳ ಬಾಯಿಂದ ನಾನು ಎಂದೂ ಕೇಳದ ಮಾತು ಬಂತು. “ಪಾಪ, ತುಂಬ ನೋವಿರಬೇಕು. ಓರ್ಫಾ ಡೋನಟ್ ಮಾಡ್ಕೊಂಡು ಬಂದಿದ್ದಾಳೆ. ಅಲ್ಲಿ, ಕಪಾಟಿನ ಮೇಲೆ. ಒಂದು ತಗೋ.”

ಬಲಗೈಯಲ್ಲಿ ಟೊಪ್ಪಿಗೆ ಇತ್ತು. ಎಲ್ವುಡ್ ಎಡಗೈಯನ್ನು ಕಪಾಟಿನ ಮೇಲಕ್ಕೆ, ಕಾಲ್ಬೆರಳ ತುದಿಯಲ್ಲಿ ನಿಂತು, ಬೆಕ್ಕು ಮೈಮುರಿದ ಹಾಗೆ ಚಾಚಿದ. ತಟ್ಟೆಯ ಆಚೆ ಬದಿಯಲ್ಲಿದ್ದ ದೊಡ್ಡದನ್ನೇ ಹುಡುಕಿ ತೆಗೆದ. ಅಷ್ಟರಲ್ಲಿ ಥರ್ಜಾ ಅಳತೆ ಕೋಲನ್ನು ಅವನ ತೋಳಿಗೆ ಹಿಡಿದು ಸೀಸದಕಡ್ಡಿಯಲ್ಲಿ ಗುರುತು ಹಾಕಿದ್ದಳು.

“ಅದಲ್ಲ ಮಿಸ್ ಥರ್ಜಾ, ನನ್ನ ಕೈ...” ಬಾಯಿತುಂಬ ಡೋನಟ್ಟು.

“ನಿನ್ನ ಕೈ ನೋಡಿದೆ. ಒಳ್ಳೇ ಕೈ. ಹೋಗು.”

ಅವನು ಹೋದ ಮೇಲೆ ನಾನು, “ಅದು ಆರ್ಲೋಗೆ ಕಣೇ” ಎಂದೆ.

“ನಂಗೇನು ಕಣ್ಣಿಲ್ವಾ?”

“ಮತ್ತೆ ಎಲ್ವುಡ್ ಅಳತೆಗೆ ಕಟ್ತೀಯಾ?”

“ಕೇಳಿದ್ದು ಎಲ್ವುಡ್ಡು, ಬಂದಿದ್ದು ಎಲ್ವುಡ್ ಕೈ. ಆರ್ಲೋ ಕ್ರಮ್‌ಗೆ ಕೋಲು ಬೇಕಿದ್ರೆ ಆರ್ಲೋ ಕ್ರಮ್ ಬರ್ಲಿ. ಬಂದು ಈ ಬಾಗಿಲಲ್ಲಿ ನಿಂತು ನನ್ನ ಕೇಳ್ಲಿ. ಆಗ ಆ ಸರಪಳಿ ಮಾತೂ ಆಡೋಣ.”

ಕೋಲು ಕಟ್ಟಿದಳು. ಅದರಲ್ಲಿ ಮೋಸ ಮಾಡಲಿಲ್ಲ. ಒಳ್ಳೆಯ ಬಿದಿರು, ಬಾಗು ನೋಡಿ ಸರಿಸಿ ಸರಿಸಿ ಕೂರಿಸಿದ ಉಂಗುರಗಳು, ಕಂದು ರೇಷ್ಮೆ, ಒಂದರ ಮೇಲೊಂದು ಒಣಗಿಸಿ ಹಚ್ಚಿದ ವಾರ್ನಿಶ್. ಮೊದಲ ಉಂಗುರ ಮಾತ್ರ ಎಲ್ವುಡ್‌ನ ಪೂರ್ತಿ ಚಾಚಿದ ಕೈಗೆ. ಎಲ್ವುಡ್ ಬಂದು ಒಯ್ದ. ಮುಖದಲ್ಲಿ ಕಳೆ ಇರಲಿಲ್ಲ.

ಸೇಬಿನ ಹೂ ಉದುರುವ ಹೊತ್ತಿಗೆ ಒಂದು ಮಧ್ಯಾಹ್ನ ಆರ್ಲೋನ ಟ್ರಕ್ಕು ಬಂದು ನಿಂತಿತು. ಅಪ್ಪನ ಮಣ್ಣಿನ ದಿನದಿಂದ ಅವನು ಆ ಹೊಸಿಲು ತುಳಿದಿರಲಿಲ್ಲ. ಒಳಗೆ ಬಂದವನು ಕೋಲನ್ನು ಬೆಂಚಿನ ಮೇಲೆ ಇಟ್ಟ ಎನ್ನುವುದಕ್ಕಿಂತ ಎಸೆದ ಎನ್ನಬೇಕು.

“ಏನಿದು ಕಟ್ಟಿರೋದು?”

“ಎಲ್ವುಡ್ ಕೋಲು ನಿನ್ನ ಹತ್ರ ಹೇಗೆ ಬಂತು? ಕದ್ದೆಯಾ?”

“ನಾಟಕ ಆಡ್ಬೇಡ, ಥರ್ಜಾ.”

“ನಾಟಕ ಆಡಿದ್ದು ಎಲ್ವುಡ್ಡು. ಡೋನಟ್ ಕಂಡು ಪಾಠ ಮರೆತ. ಇನ್ನೊಂದ್ಸಲ ಕಳಿಸೋದಾದ್ರೆ ಊಟ ಹಾಕಿ ಕಳಿಸು.”

ಆರ್ಲೋನ ಕತ್ತು ಕೆಂಪಾಯಿತು. “ಉಂಗುರ ಹಿಂದಕ್ಕೆ ತಾ.”

“ಕೇಳೋ ರೀತಿ ಅದಲ್ಲ.”

“ಕೇಳ್ತಿಲ್ಲ. ಹೇಳ್ತಿದ್ದೀನಿ.”

“ಹಾಗಾದ್ರೆ ಎತ್ಕೊಂಡು ಹೊರಡು.”

ಅವನು ಹೊರಡಲಿಲ್ಲ. ಕಿಟಕಿಯ ಕಡೆ ನೋಡುತ್ತ, ಹಲ್ಲು ಕಚ್ಚಿಕೊಂಡೇ, “ನನಗೊಂದು ಕೋಲು ಕಟ್ಟಿಕೊಡು” ಎಂದ.

“ಎಡಗೈ ಚಾಚು.”

ಚಾಚಿದ. ಎಲ್ವುಡ್ ಆಡಿ ತೋರಿಸಿದ್ದಕ್ಕಿಂತ ಕಡಿಮೆಯೇ ಬಂತು. ಮೊಣಕೈ ಬಿಡಿಸಿಕೊಳ್ಳುವ ಮೊದಲೇ ನಿಂತು, ಅಲ್ಲೇ ನಡುಗುತ್ತಿತ್ತು. ನಾನು ಚೀಲದ ದಾರ ಬಿಡಿಸುವ ನೆವ ಮಾಡಿ ತಲೆ ತಗ್ಗಿಸಿದೆ.

“ಇಷ್ಟೇನಾ?” ಎಂದಳು ಥರ್ಜಾ. “ಕೋಳಿ ರೆಕ್ಕೆ ಇದಕ್ಕಿಂತ ಚಾಚುತ್ತೆ.”

“ನಿನ್ನ ನಾಲಿಗೆ ಅದಕ್ಕಿಂತ್ಲೂ ಚಾಚುತ್ತೆ.”

ಅವಳು ಗುರುತು ಹಾಕಿದಳು. ಅಲಗು ತೆಗೆದು ಅದೇ ಕೋಲಿನ ಮೊದಲ ಉಂಗುರದ ರೇಷ್ಮೆಯನ್ನು, ಬಿದಿರಿಗೆ ತಾಗದಂತೆ, ಉಂಗುರದ ಪಾದದ ಮೇಲೇ ಕೊಯ್ದಳು. ಎರಡನೆಯದನ್ನೂ ಮೂರನೆಯದನ್ನೂ ಕೊಯ್ದಳು. ಒಂದು ಉಂಗುರ ಸರಿದರೆ ಒಂದೇ ಸರಿಯುವುದಿಲ್ಲ. ಪಂಕ್ತಿಯಲ್ಲಿ ಕೂತವರ ಹಾಗೆ ಪಕ್ಕದವರೂ ಸರಿಯಬೇಕು. ಮೂರನ್ನೂ ಹೊಸ ಜಾಗಕ್ಕೆ ಅಂಟುಪಟ್ಟಿಯಲ್ಲಿ ಅಂಟಿಸಿದಳು.

“ಇನ್ನು ಒದ್ದೆ ನೂಲಲ್ಲಿ, ನೀರಿನ ಮೇಲೆ ನೋಡ್ಬೇಕು” ಎಂದಳು.

ಆರ್ಲೋ ಅವಳನ್ನು ನೋಡಿದ. “ಹುಲ್ಲಿನ ಮೇಲೆ ನೋಡು. ಊರೋರ ಕೋಲೆಲ್ಲ ಅಲ್ಲೇ ತಾನೇ ನೋಡೋದು?”

“ಊರೋರ ಕೈ ನೆಟ್ಟಗಿದೆ. ನಿನ್ನ ಉಂಗುರ ಹಿಡಿ ಹತ್ರಕ್ಕೇ ಬಂದಿದೆ. ಮುಂದಿನವುಗಳಿಗೆ ಎಡೆ ಜಾಸ್ತಿ. ಒದ್ದೆ ನೂಲು ಆ ಎಡೇಲಿ ಜೋತು ಕೋಲಿಗೆ ಬಡಿಯುತ್ತೆ. ಒಣ ಹುಲ್ಲಲ್ಲಿ ಅದು ಗೊತ್ತಾಗಲ್ಲ.”

“ಸೇತುವೆ ಕೆಳಗೆ ಹೋಗು.”

“ನನ್ನ ಮಂಡಿ ನಿನ್ನ ಭುಜದ ಜಾತೀದು. ಇಳಿಯಲ್ಲ.”

“ಮಡು ಬೇಕು ಅಂತ ಬಾಯಿಬಿಟ್ಟು ಹೇಳು.”

“ಮಡು ಬೇಕಿರೋದು ನಿನ್ನ ಉಂಗುರಕ್ಕೆ.”

ಆರ್ಲೋನೂ ಹೈರಮ್‌ನ ಮಗ. ಅವಳು ಹೇಳಿದ್ದು ನಿಜವೆಂದು ಅವನಿಗೆ ಗೊತ್ತಿತ್ತು. ಸಿಟ್ಟು ಬಂದದ್ದೇ ಅದಕ್ಕೆ.

“ಉಂಗುರ ಕೂರೋ ತನಕ ಸರಪಳಿ ಬಿಚ್ಚಿರ್ತೀನಿ. ರೇಷ್ಮೆ ಸುತ್ತಿ ಕಟ್ಟಿದ ದಿನ ಬೀಗ ಬೀಳುತ್ತೆ. ಅದರ ಮೇಲೆ ಒಂದು ಗಳಿಗೆ ಇಲ್ಲ.”

“ಒಂದು ಗಳಿಗೆ ಹೆಚ್ಚು ನಿನ್ನ ಹತ್ರ ಇರೋಕೆ ಯಾರಿಗಿಷ್ಟ?”

ಮಾರನೆಯ ದಿನ ಥರ್ಜಾ ಕೋಲು ಹಿಡಿದು, ನಾನು ಅವಳ ಮಂಡಿಗೋಸ್ಕರ ಒಂದು ಸ್ಟೂಲು ಹೊತ್ತು, ಆ ಕಂಬಗಳ ನಡುವೆ ನಡೆದೆವು. ಸರಪಳಿ ಹುಲ್ಲಿನಲ್ಲಿ ಬಿದ್ದಿತ್ತು. ಅವಳು ಅದನ್ನು ದಾಟಿ ಹೋಗಲಿಲ್ಲ, ತುಳಿದು ಹೋದಳು.

ಮೊದಮೊದಲು ಅವಳು ಹೇಳಿದಂತೆಯೇ ಇತ್ತು. ಆರ್ಲೋ ಬೀಸುತ್ತಿದ್ದ, ನೂಲು ಓಡುವಾಗ ಕೋಲಿಗೆ ಟಿಕ್ ಟಿಕ್ ಎಂದು ಬಡಿಯುತ್ತಿತ್ತು. ಅವಳು ಅಂಟುಪಟ್ಟಿ ಬಿಚ್ಚಿ ಎರಡನೆಯ ಉಂಗುರ ಸರಿಸುತ್ತಿದ್ದಳು. ಬೀಸು, ಎನ್ನುತ್ತಿದ್ದಳು. ಅವನು ಬೀಸಿ, “ಇನ್ನೂ ಕೆಟ್ಟಿದೆ” ಎನ್ನುತ್ತಿದ್ದ. ಮೂರನೆಯದನ್ನು ಸರಿಸುತ್ತಿದ್ದಳು. ಹೀಗೇ ದಿನ ಬಿಟ್ಟು ದಿನ. ಒಂದು ಸಂಜೆ, ಜೂನ್ ಇನ್ನೂ ಎಳೆಯದಿತ್ತು, ಆರ್ಲೋ ಬೀಸಿದ, ಬಡಿತ ಇರಲಿಲ್ಲ. ಬರೀ ಸುಯ್ ಎಂದು, ಬಟ್ಟೆ ಹರಿದ ಹಾಗೆ ಒಂದೇ ಸದ್ದು. ನೊಣ ಆಚೆ ದಡದ ಬೇರಿನ ಪಕ್ಕ, ಇಟ್ಟ ಹಾಗೆ ಇಳಿಯಿತು. ನನ್ನಂಥ ಅರ್ಧ ಕಿವುಡಿಗೂ ಗೊತ್ತಾಯಿತು.

ಥರ್ಜಾ ನೀರನ್ನು ನೋಡಿದಳು. ಹಿಂದಿರುಗಿ ಹುಲ್ಲುಗಾವಲಿನ ದಾರಿಯನ್ನು ನೋಡಿದಳು.

“ಇನ್ನೂ ಕೂತಿಲ್ಲ” ಎಂದಳು.

ನಾನು ಆರ್ಲೋನ ಮುಖ ನೋಡಿದೆ. ಅವನು ಪಕ್ಕಕ್ಕೆ ಉಗಿದು, “ನಿಂಗೆ ಕೂರಿಸೋಕೆ ಬಂದ್ರೆ ತಾನೇ” ಎಂದ.

ಉಂಗುರದ ವಿಷಯದಲ್ಲಿ ಅದುವರೆಗೆ ಸುಳ್ಳಾಡದ ಬಾಯಿ ಥರ್ಜಾಳದು. ತನ್ನದೇ ಕೋಲು ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಹೇಳಿ ಗಿರಾಕಿಯ ಎದುರಿಗೇ ಬಿಚ್ಚುತ್ತಿದ್ದವಳು. ಆ ಬೇಸಿಗೆ ಪೂರ್ತಿ ಅದೇ ಒಂದು ಸುಳ್ಳು ಹೇಳಿದಳು. ಉಂಗುರವನ್ನು ಕೂದಲೆಳೆಯಷ್ಟು ಹಿಂದೆ ತಂದು, ಮತ್ತೆ ಕೂದಲೆಳೆಯಷ್ಟು ಮುಂದೆ ಒಯ್ದು, ಇದ್ದ ಜಾಗದಲ್ಲೇ ಬಿಡುತ್ತಿದ್ದಳು. ಹೋಗುವಾಗ ‘ಹೇಗೂ ಹೋಗ್ತಿದ್ದೀನಲ್ಲ’ ಎಂದು ಬೇರೆ ಗಿರಾಕಿಗಳ ಕೋಲುಗಳನ್ನೂ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ವರ್ಷ ಅವಳ ಮನೆಯಿಂದ ಹೋದ ಒಂದು ಕೋಲೂ ವಾಪಸ್ಸು ಬರಲಿಲ್ಲ.

ಅಕ್ಕ ತಮ್ಮ ಹತ್ತಿರವಾದರು ಎಂದು ಊರಿನವರು ಆಡಿಕೊಂಡರು. ಅವರು ಆ ದಂಡೆಯಲ್ಲಿ ಕೂತು ನೋಡಿದವರಲ್ಲ. ಅವ್ವನ ಜೇಡಿಪಾತ್ರೆ ಒಡೆದದ್ದು ಯಾರು ಎಂಬುದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಕಿತ್ತಾಡಿದರು. ಒಮ್ಮೆ ಆರ್ಲೋ ಒಂದು ಟ್ರೌಟ್ ಹಿಡಿದು ಅವಳ ಕಾಲಬುಡಕ್ಕೆ ಎಸೆದ. “ತಗೊಂಡು ಹೋಗು. ನಿನ್ನ ಹಾಗೇ ಮುಳ್ಳೇ ಜಾಸ್ತಿ.” ಅವಳು ಎತ್ತಿಕೊಂಡು, “ನಿನ್ನ ಹಾಗೆ ತಲೆ ಖಾಲಿ” ಎಂದಳು. ಅದನ್ನು ಹಂದಿಕೊಬ್ಬಿನಲ್ಲಿ ಹುರಿದು ನಾವಿಬ್ಬರೂ ತಿಂದೆವು. ಅವನಿಗೆ ಕಳಿಸೋಣ ಎಂದೆ. “ಅವನ ಬಾಯಿಗೆ ಮುಳ್ಳು ಹತ್ತಿದ್ರೆ ಅದೂ ನನ್ನ ಮೇಲೆ ಬರುತ್ತೆ” ಎಂದಳು.

ಸೆಪ್ಟೆಂಬರ್ ಮುಗಿದು ಹೊಳೆ ಮುಚ್ಚುವ ದಿನ ಬಂತು. ಮೇಪಲ್ ಎಲೆಗಳು ನೀರಿನ ಮೇಲೆ ತೇಲಿ ನೂಲಿಗೆ ತೊಡರುತ್ತಿದ್ದವು. ಆರ್ಲೋ ನೂಲು ಸುತ್ತಿ, ಕೋಲನ್ನು ಅವಳ ಮುಂದೆ ಹಿಡಿದ.

“ಕಟ್ಟು.”

“ಕೂತಿಲ್ಲ.”

“ಜೂನ್‌ನಲ್ಲೇ ಕೂತಿತ್ತು.”

ಥರ್ಜಾ ನೀರಿನ ಕಡೆ ತಿರುಗಿದಳು.

“ನಂಗೇನು ಕಿವಿ ಇಲ್ವಾ?” ಎಂದ ಆರ್ಲೋ. “ಅಪ್ಪನ ಮಗಳು ಎಷ್ಟು ದಿನ ಸುಳ್ಳು ಹೇಳ್ತಾಳೆ ನೋಡೋಣ ಅಂತ ಸುಮ್ನಿದ್ದೆ. ಬೇಸಿಗೆ ಪೂರ್ತಿ ಹೇಳಿದೆ. ಬೆಂಚು ಇವಳಿಗೆ ಕೊಟ್ಟನಲ್ಲ ಮುದುಕ! ನಾಳೆ ಎಲ್ವುಡ್ ಅಂಗಡಿ ಮುಂದೆ ನಿಂತು ಹೇಳ್ತೀನಿ: ಥರ್ಜಾ ಕ್ರಮ್ ಕೂತ ಉಂಗುರನ ಕೂತಿಲ್ಲ ಅಂತಾಳೆ ಅಂತ.”

ಅವಳ ಮುಖ ಸುಣ್ಣವಾಯಿತು. ಬೈ ಎಂದು ನಾನು ಮನಸ್ಸಿನಲ್ಲೇ ಹೇಳಿದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತಳು. ಏಪ್ರನ್ನಿನ ಜೇಬಿನಿಂದ ರೇಷ್ಮೆ ನೂಲಿನ ಉಂಡೆ ತೆಗೆದಳು. ಕೋಲನ್ನು ತೊಡೆಯ ಮೇಲಿಟ್ಟು, ನೂಲಿನ ಕೊನೆಯನ್ನು ಅದರದೇ ಸುತ್ತಿನ ಕೆಳಗೆ ಒತ್ತಿ, ಸುತ್ತಿನ ಪಕ್ಕ ಸುತ್ತು, ನಡುವೆ ಬೆಳಕು ನುಸುಳದಂತೆ ಸುತ್ತುತ್ತ ಹೋದಳು. ಗಾಳಿ ಬೀಸುತ್ತಿತ್ತು, ಸುತ್ತು ಮಾತ್ರ ಒಂದೂ ಹಾರಲಿಲ್ಲ. ಕೊನೆಯ ಸುತ್ತಿನ ಕೆಳಗಿಂದ ಬಾಲವನ್ನು ಎಳೆದು ಕೊಯ್ದಳು. ಮೂರು ಉಂಗುರಗಳೂ ಜೂನ್‌ನಲ್ಲಿ ಎಲ್ಲಿದ್ದವೋ ಅಲ್ಲೇ ಕೂತವು.

“ವಾರ್ನಿಶ್ ನೀನೇ ಹಚ್ಕೋ” ಎಂದಳು. “ಬೀಗ ಹಾಕ್ಕೋ.”

ಹಾಕಿದ. ನಾವು ಕಂಬ ದಾಟುತ್ತಿದ್ದಂತೆಯೇ ಹಿಂದೆ ಸರಪಳಿಯ ಸದ್ದು ಕೇಳಿತು. ಎಲ್ವುಡ್‌ನ ಅಂಗಡಿಯ ಮುಂದೆ ಮಾತ್ರ ಏನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಅವನಿಗೇ ಗೊತ್ತು.

ಆ ಚಳಿಗಾಲ ಅವಳೊಂದಿಗೆ ಕಳೆಯುವುದು ಕಷ್ಟವಾಯಿತು. ಕೋಲು ಕಟ್ಟುವಳು, ಬಾಗು ನೋಡಿ ಉಂಗುರ ಅಂಟಿಸುವಳು, ರೇಷ್ಮೆ ಸುತ್ತುವ ಹೊತ್ತಿಗೆ ಎತ್ತಿ ಗೋಡೆಗೆ ತೂಗುಹಾಕುವಳು. ನೀರಿನಲ್ಲಿ ನೋಡಿದ ಮೇಲೆ ಹುಲ್ಲಿನಲ್ಲಿ ನೋಡಿ ಕಟ್ಟಲು ಅವಳಿಗೆ ಮನಸ್ಸೇ ಬರಲಿಲ್ಲ. ಗೋಡೆಯ ತುಂಬ ಅಂಟುಪಟ್ಟಿಯ ಕೋಲುಗಳು. ಗಿರಾಕಿಗಳು ಬಂದು ಕೇಳಿ ಕೇಳಿ ಹೋದರು. ಒಂದು ದಿನ ನಾನು, “ಹೋಗಿ ಅವನನ್ನ ಒಂದು ಮಾತು ಕೇಳಬಾರ್ದಾ?” ಎಂದೆ. ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಬಾಗಿಲು ತೋರಿಸಿದಳು. ಹಿಮ ಕರಗುವವರೆಗೆ ನಾನು ಆ ಕಡೆ ಹೋಗಲಿಲ್ಲ.

ಮತ್ತೆ ಹೋದದ್ದು ಏಪ್ರಿಲ್‌ನಲ್ಲಿ. ಹೊಳೆ ತೆರೆಯಲಿತ್ತು. ಬೆಂಚಿನ ಮುಂದೆ ಪಟ್ಟಣದ ಇಬ್ಬರು ಗಿರಾಕಿಗಳು ನಿಂತಿದ್ದರು, ಮುಖ ಗಂಟಿಕ್ಕಿಕೊಂಡು. ಒಬ್ಬ, “ಇವತ್ತಾದ್ರೂ ಕೊಡ್ತೀರಾ, ಇಲ್ಲಾ ಬೇರೆ ಕಡೆ ನೋಡ್ಕೊಳ್ಳೋಣ್ವಾ?” ಎಂದ. ಥರ್ಜಾ, “ನೋಡ್ಕೊಳ್ಳಿ. ಅಂಗಡಿ ತುಂಬ ಕೆಟ್ಟ ಕೋಲುಗಳಿವೆ” ಎಂದಳು. ಧ್ವನಿಯಲ್ಲಿ ಎಂದಿನ ಹರಿತ ಇರಲಿಲ್ಲ.

ಆಗಲೇ ಆರ್ಲೋ ಒಳಗೆ ಬಂದ. ಯಾರ ಮುಖವನ್ನೂ ನೋಡದೆ ತನ್ನ ಕೋಲನ್ನು ಬೆಂಚಿನ ಮೇಲೆ ಹಾಕಿದ.

“ಉಂಗುರ ತಪ್ಪಾಗಿ ಕಟ್ಟಿದ್ದೀಯಾ.”

ಗಿರಾಕಿಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಬಗ್ಗಿ ಕೋಲು ನೋಡಿದೆ. ಅವಳು ಸುತ್ತಿದ ರೇಷ್ಮೆಯೇ. ಮೇಲೆ ಆರ್ಲೋ ಹಚ್ಚಿದ ವಾರ್ನಿಶ್ ಬೆಲ್ಲದ ಪಾಕದ ಹಾಗೆ ಗಂಟುಗಂಟಾಗಿತ್ತು. ಉಂಗುರ ಇರಬೇಕಾದಲ್ಲೇ ಇತ್ತು. ಬೇಸಿಗೆ ಪೂರ್ತಿ ನೋಡಿದ ಉಂಗುರ, ನನಗೆ ಗೊತ್ತಾಗದೆ ಇರುತ್ತದೆಯೇ?

“ನೂಲು ಬಡಿಯುತ್ತೆ” ಎಂದ ಆರ್ಲೋ, ಗಿರಾಕಿಗಳಿಗೂ ಕೇಳಿಸುವಂತೆ. “ಕೆಲಸ ಬರದಿದ್ರೆ ಬರಲ್ಲ ಅನ್ನು. ಕೂರಿಸೋಕೆ ಆಗದ ಉಂಗುರ ಕಟ್ಟಿ ಕೊಟ್ಟಿದ್ದೀಯಾ. ಸರಪಳಿ ಬಿಚ್ಚಿಟ್ಟು ಬಂದಿದ್ದೀನಿ. ನಾಚಿಕೆ ಅನ್ನೋದು ಇದ್ರೆ ಬಂದು ನೋಡು.”

ಥರ್ಜಾಳ ಕೈಯಲ್ಲಿ ಅಲಗು ಇತ್ತು. ಅವಳ ಕೆಲಸಕ್ಕೆ ಹೀಗೆ, ನಾಲ್ಕು ಜನರ ಮುಂದೆ, ಹೆಸರು ಕೆಡಿಸಿದವನು ಆ ಬಾಗಿಲಿನಿಂದ ನಡೆದುಕೊಂಡು ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಅವಳು ಕೋಲನ್ನು ಎತ್ತಿದಳು. ಹಿಡಿಯನ್ನು ಕಣ್ಣಿಗೆ ತಂದು, ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಂಗುರಗಳ ಸಾಲನ್ನು ಒಂದೊಂದಾಗಿ ನೋಡುತ್ತ ಹೋದಳು. ಎಷ್ಟು ಹೊತ್ತು ನೋಡಿದಳೆಂದರೆ ಒಬ್ಬ ಗಿರಾಕಿ ಕೆಮ್ಮಿದ. ಆರ್ಲೋ ಬಾಗಿಲ ಚೌಕಟ್ಟಿಗೆ ಒರಗಿ, ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ ಅಂಟುಪಟ್ಟಿಯ ಕೋಲುಗಳ ಕಡೆ ಮುಖ ಮಾಡಿ ನಿಂತಿದ್ದ.

“ಇರಬಹುದು” ಎಂದಳು ಥರ್ಜಾ.



“ನೀರಿನ ಮೇಲೆ ನೋಡ್ಬೇಕು” ಎಂದಳು. ಕೈಯಲ್ಲಿದ್ದ ಅಲಗಿನಿಂದ, ತಾನೇ ಸುತ್ತಿದ ರೇಷ್ಮೆಯನ್ನು ಉಂಗುರದ ಪಾದದ ಮೇಲೆ ಉದ್ದಕ್ಕೆ ಕೊಯ್ದಳು. ಆಮೇಲೆ ನನ್ನ ಕಡೆ ತಿರುಗಿ ಗದರಿಸಿದಳು: “ಏನು ನೋಡ್ತಾ ನಿಂತಿದ್ದೀಯಾ, ಓರ್ಫಾ? ಗೋಡೆ ಮೇಲಿನವನ್ನೂ ಇಳಿಸಿಕೋ.”